ಗಡಿಯೂ ಗಡಿಯಾರವೂ: ಮಾರ್ಟಿಮರ್ ವೀಲರ್ ಓದಿದ ಕರ್ನಾಟಕ

ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗದ ಸೀಮೆಗೆ ಬಂದಾಗ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರು. ಬ್ರಹ್ಮಗಿರಿಯಲ್ಲಿ ಮತ್ತು ಚಂದ್ರವಳ್ಳಿಯಲ್ಲಿ ಅವರು ನಡೆಸಿದ ಉತ್ಖನನದ ವರದಿ ಸರ್ವೇಕ್ಷಣೆಯ 'ಏನ್ಶಿಯಂಟ್ ಇಂಡಿಯಾ' ಪತ್ರಿಕೆಯ 4ನೆಯ ಸಂಚಿಕೆಯಲ್ಲಿ ಬಂತು. ಕರ್ನಾಟಕದ ಪ್ರಾಗಿತಿಹಾಸ ಓದುವ ಯಾರೂ ಅದನ್ನು ದಾಟಿ ಹೋಗಲಾರರು. ಆದರೆ ಅದಕ್ಕೆ ಇಪ್ಪತ್ತೈದು ವರ್ಷ ಮೊದಲು ಇದೇ ವ್ಯಕ್ತಿ ಏನು ಅಗೆಯುತ್ತಿದ್ದರು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. 1921–22ರಲ್ಲಿ ಅವರು ವೇಲ್ಸ್‌ನ ಸೆಗಾಂಟಿಯಮ್‌ನಲ್ಲಿದ್ದರು. 1924–25ರಲ್ಲಿ ಬ್ರೆಕನ್ ಗೇರ್‌ನಲ್ಲಿ. ಎರಡೂ ರೋಮನ್ ಸಾಮ್ರಾಜ್ಯದ ಗಡಿಕೋಟೆಗಳು. ಗೆದ್ದ ನಾಡಿನ ಅಂಚಿನಲ್ಲಿ ಪಡೆ ಇಟ್ಟು ಕಾಯಲು ಕಟ್ಟಿದವು.

ಅಂದರೆ ನಮ್ಮ ಬ್ರಹ್ಮಗಿರಿಯನ್ನು ಓದಿದ ಕಣ್ಣು ರೋಮಿನ ಗಡಿಕೋಟೆಗಳಲ್ಲಿ ಪಳಗಿದ ಕಣ್ಣು. ಇದನ್ನು ನಾನು ಆರೋಪವಾಗಿ ಹೇಳುತ್ತಿಲ್ಲ. ಒಬ್ಬ ವಿಮರ್ಶಕನ ಓದನ್ನು ಅಳೆಯುವಾಗ ಅವನು ಮೊದಲು ಯಾವ ಕಾವ್ಯದಲ್ಲಿ ಮುಳುಗಿದ್ದ ಎಂದು ಕೇಳುತ್ತೇವಲ್ಲ, ಅದೇ ಪ್ರಶ್ನೆಯನ್ನು ಪುರಾತತ್ವಜ್ಞನಿಗೂ ಕೇಳಬೇಕು. ಉತ್ಖನನದ ವರದಿಯೂ ಒಂದು ಬರಹ. ಅದಕ್ಕೂ ಒಂದು ದೃಷ್ಟಿಕೋನವಿದೆ, ನಾಯಕನಿದ್ದಾನೆ, ಅಂಚಿಗೆ ಸರಿದ ಪಾತ್ರಗಳಿವೆ. 1954ರಲ್ಲಿ ವೀಲರ್ ಬರೆದ ಪುಸ್ತಕದ ಹೆಸರು 'ರೋಮ್ ಬಿಯಾಂಡ್ ದಿ ಇಂಪೀರಿಯಲ್ ಫ್ರಾಂಟಿಯರ್ಸ್'. ಸಾಮ್ರಾಜ್ಯದ ಗಡಿಯಾಚೆಗಿನ ರೋಮ್. ಜರ್ಮನಿಯ ಕಾಡು, ಆಫ್ರಿಕಾದ ಮರಳುಗಾಡು, ಕೊನೆಗೆ ಭಾರತ. ಈ ಹೆಸರಿನಲ್ಲಿ ನಾವು ಎಲ್ಲಿದ್ದೇವೆ? 'ಆಚೆ' ಎಂಬ ಪದದಲ್ಲಿ.

ವೀಲರ್ ತಮ್ಮೊಂದಿಗೆ ಕರ್ನಾಟಕಕ್ಕೆ ಎರಡು ವಸ್ತುಗಳನ್ನು ತಂದರು: ಒಂದು ಗಡಿ, ಇನ್ನೊಂದು ಗಡಿಯಾರ. ಗಡಿಯಾರ ನಮಗೆ ತುಂಬಾ ಉಪಯೋಗಕ್ಕೆ ಬಂತು, ಕೆಲವು ಕಡೆ ದಾರಿಯನ್ನೂ ತಪ್ಪಿಸಿತು. ಗಡಿಯನ್ನು ಮಾತ್ರ ನಾವು ಪ್ರಶ್ನಿಸದೆ ಒಳಗೆ ಬಿಟ್ಟುಕೊಂಡೆವು. ಅದು ಈಗ ನಮ್ಮ ಸಾಹಿತ್ಯ ಚರಿತ್ರೆಯೊಳಗೂ ಕೂತಿದೆ. ಈ ಲೇಖನದ ವಾದ ಇಷ್ಟೇ.

*

ಮೊದಲು ಗಡಿಯಾರದ ವಿಷಯ. ಬರಹವಿಲ್ಲದ ನೆಲಕ್ಕೆ ವಯಸ್ಸು ಹೇಳುವುದು ಹೇಗೆ? ವೀಲರ್ ಬಂದಾಗ ಇಂಗಾಲದ ಕಾಲನಿರ್ಣಯ ಇನ್ನೂ ಬಳಕೆಗೆ ಬಂದಿರಲಿಲ್ಲ. ಇದ್ದದ್ದು ಪದರಗಳ ತರ್ಕ. ಕೆಳಗಿನ ಮಣ್ಣು ಹಳೆಯದು, ಮೇಲಿನದು ಹೊಸದು. ಆದರೆ ಇದು 'ಮೊದಲು, ಆಮೇಲೆ' ಎಂದು ಹೇಳುತ್ತದೆಯೇ ಹೊರತು 'ಯಾವಾಗ' ಎಂದು ಹೇಳುವುದಿಲ್ಲ. ಯಾವಾಗ ಎಂದು ಹೇಳಬೇಕಾದರೆ ಪದರದೊಳಗೆ ಕಾಲ ಗೊತ್ತಿರುವ ಒಂದು ವಸ್ತು ಸಿಗಬೇಕು. ರೋಮನ್ ಕೋಟೆಗಳಲ್ಲಿ ಅಂಥ ವಸ್ತುಗಳಿಗೆ ಬರವಿಲ್ಲ. ಚಕ್ರವರ್ತಿಯ ಮುಖವಿರುವ ನಾಣ್ಯ ಸಿಗುತ್ತದೆ, ಯಾವ ದಶಕದಲ್ಲಿ ಯಾವ ಊರಿನಲ್ಲಿ ಸುಟ್ಟದ್ದೆಂದು ಗೊತ್ತಿರುವ ಹೊಳಪಿನ ಕೆಂಪು ಮಡಕೆ ಸಿಗುತ್ತದೆ. ಸೆಗಾಂಟಿಯಮ್‌ನಲ್ಲಿ ವೀಲರ್ ಮಾಡಿದ್ದು ಈ ಲೆಕ್ಕವನ್ನೇ.

ಭಾರತದಲ್ಲಿ ಅವರು ಹುಡುಕಿದ್ದೂ ಇಂಥದೇ ಆಧಾರವನ್ನು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅದು ಸಿಕ್ಕಿತು. ಇಟಲಿಯ ಅರೆಟ್ಸೊ ಊರಿನ ಕೆಂಪು ಮಡಕೆಯ ಚೂರುಗಳು, ದ್ರಾಕ್ಷಾರಸ ತುಂಬಿ ತಂದ ಎರಡು ಹಿಡಿಯ ಜಾಡಿಗಳ ತುಂಡುಗಳು. ಅವುಗಳ ಜೊತೆಗೇ ಇನ್ನೊಂದು ಬಗೆಯ ತಟ್ಟೆಯೂ ಬಂತು. ನುಣುಪಾದ ಬೂದುಗಪ್ಪು ಮೈ, ತಳದೊಳಗೆ ಹಲ್ಲುಚಕ್ರ ಉರುಳಿಸಿದಂಥ ಚುಕ್ಕಿಗಳ ಉಂಗುರಗಳು. ಇದಕ್ಕೆ ರೌಲೆಟೆಡ್ ಮಡಕೆ ಎಂದು ಹೆಸರಾಯಿತು. ಇಟಲಿಯ ಮಡಕೆಯ ಕಾಲ ಗೊತ್ತು. ಅದರ ನೆರೆಯಲ್ಲಿ ಸಿಕ್ಕಿದ್ದರಿಂದ ರೌಲೆಟೆಡ್ ಮಡಕೆಯ ಕಾಲವೂ ಗೊತ್ತಾದಂತಾಯಿತು. ಇನ್ನು ಇದೇ ಮಡಕೆ ಒಳನಾಡಿನಲ್ಲಿ ಎಲ್ಲಿ ಸಿಗುತ್ತದೋ ಅಲ್ಲಿಗೆ ಗಡಿಯಾರ ಒಯ್ಯಬಹುದು.

ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯನ್ನು ಆರಿಸಿಕೊಂಡದ್ದರಲ್ಲಿ ಈ ಲೆಕ್ಕವಿತ್ತು. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಬಿ.ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದಿದ್ದರು. ಚಂದ್ರವಳ್ಳಿಯನ್ನು ಆರ್. ನರಸಿಂಹಾಚಾರ್ ಅಗೆಸಿದ್ದರು, 1929ರಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಮತ್ತೆ ಅಗೆಸಿದ್ದರು. ಅಲ್ಲಿ ಸಾತವಾಹನರ ನಾಣ್ಯಗಳ ನೆರೆಯಲ್ಲಿ ರೋಮಿನ ಬೆಳ್ಳಿಯ ಡಿನೇರಿಯಸ್ ಸಿಕ್ಕಿತ್ತು. ವೀಲರ್ ಖಾಲಿ ನೆಲಕ್ಕೆ ಬಂದವರಲ್ಲ. ಮೈಸೂರಿನ ವಿದ್ವಾಂಸರು ಹದ ಮಾಡಿಟ್ಟ ಹೊಲಕ್ಕೆ ಬಂದವರು.

ಈ ವಿಧಾನದಿಂದ ಅವರು ಬ್ರಹ್ಮಗಿರಿಯ ಕಾಲವನ್ನು ಮೂರು ಮೆಟ್ಟಿಲು ಮಾಡಿದರು. ಮೇಲಿನದು ಸಾತವಾಹನರ ಕಾಲದ ಪದರ, ಕ್ರಿ.ಶ. 1ನೆಯ ಶತಮಾನದ ನಡುವಿನಿಂದ 3ನೆಯ ಶತಮಾನದವರೆಗೆ. ಅದರ ಕೆಳಗೆ ಕಬ್ಬಿಣ ಬಳಸಿ, ಬಂಡೆಚಪ್ಪಡಿಗಳ ಗೋರಿ ಕಟ್ಟಿದ ಬೃಹತ್ ಶಿಲಾ ಸಂಸ್ಕೃತಿ, ಕ್ರಿ.ಪೂ. 200ರ ಆಸುಪಾಸಿನಿಂದ. ಅದಕ್ಕೂ ಕೆಳಗೆ ಕಲ್ಲುಕೊಡಲಿಯ ಜನ, ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಿಂದ. ನಮ್ಮ ಹಳ್ಳಿಗಳಲ್ಲಿ 'ಪಾಂಡವರ ಗುಡಿ' ಎಂದು ಕರೆಸಿಕೊಂಡ ಗೋರಿಗಳಿಗೆ ಮೊದಲ ಬಾರಿಗೆ ಒಂದು ಅಂಕಿ ಬಂತು. ಇದು ಸಣ್ಣ ಸಾಧನೆಯಲ್ಲ.

ಆದರೆ ಆ ಅಂಕಿ ನಿಲ್ಲಲಿಲ್ಲ. 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರನ್ನು ಅಗೆದರು. ಅಲ್ಲಿಯ ಇದ್ದಿಲನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಸುಮಾರಿಗೆ ಹಿಂದೆ ಹೋಯಿತು. ವೀಲರ್ ಕೊಟ್ಟದ್ದಕ್ಕಿಂತ ಎಂಟುನೂರು ವರ್ಷ ಹಿಂದೆ. ಇನ್ನೊಂದು ತಿದ್ದುಪಡಿ ಇದಕ್ಕಿಂತ ಕುತೂಹಲದ್ದು. 1980ರ ದಶಕದಲ್ಲಿ ವಿಮಲಾ ಬೆಗ್ಲಿ ಅರಿಕಮೇಡುವಿನ ಸಾಕ್ಷ್ಯವನ್ನು ಮರಳಿ ಓದಿದರು. ರೌಲೆಟೆಡ್ ಮಡಕೆ ಕ್ರಿ.ಪೂ. ಕಾಲದಲ್ಲೇ ಶುರುವಾಗಿತ್ತೆಂದೂ ಅದು ಭಾರತದಲ್ಲೇ ತಯಾರಾದದ್ದೆಂದೂ ವಾದಿಸಿದರು. ನಂತರ ನಡೆದ ಜೇಡಿಮಣ್ಣಿನ ಪರೀಕ್ಷೆಗಳೂ ಈ ಮಾತಿನ ಕಡೆಗೇ ವಾಲಿದವು.

ಇದರ ಅರ್ಥ ಏನೆಂದು ಸ್ವಲ್ಪ ನಿಂತು ನೋಡಬೇಕು. ಪಡುವಣ ಸಮುದ್ರದಾಚೆಯ ಪ್ರಭಾವದ ಗುರುತೆಂದು ಹಿಡಿದ ತಟ್ಟೆ ಈ ನೆಲದ ಕುಂಬಾರರ ಕೈಯದು. ಗಡಿಯಾರದ ಮುಳ್ಳೇ ಸ್ಥಳೀಯ. ಆದರೂ ಹಲವು ದಶಕ ನಾವು ಅದನ್ನು ರೋಮಿನ ಸಮಯ ಎಂದೇ ಓದಿದೆವು. ನಾಣ್ಯದ ಕಥೆಯಲ್ಲೂ ಇಂಥದೇ ಎಚ್ಚರ ಬೇಕು. ಟಿಬೇರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ನಾಣ್ಯ ಸಿಕ್ಕ ಪದರ ಕ್ರಿ.ಶ. 14ಕ್ಕಿಂತ ಹಳೆಯದಾಗಿರಲಾರದು, ಅಷ್ಟೇ. ಎಷ್ಟು ಹೊಸದು ಎಂಬುದನ್ನು ನಾಣ್ಯ ಹೇಳುವುದಿಲ್ಲ. 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256 ಸಿಕ್ಕವು. ಬಳಸುವವರಿಗೆ ಅದು ಚಕ್ರವರ್ತಿಯ ಮುಖವಾಗಿರದೆ ಬರೀ ತೂಕದ ಬೆಳ್ಳಿಯಾಗಿದ್ದರೆ, ಒಂದು ನಾಣ್ಯ ಮೂರು ತಲೆಮಾರು ಕೈಯಿಂದ ಕೈಗೆ ಓಡಾಡಬಹುದು. ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿ ಇದ್ದ ಮಾತ್ರಕ್ಕೆ ಮನೆಯನ್ನು ಆ ರಾಣಿಯ ಕಾಲದಲ್ಲಿ ಕಟ್ಟಿದ್ದೆನ್ನಲು ಆಗುವುದಿಲ್ಲ.

ವೀಲರ್ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಅವರನ್ನು ತಿದ್ದಲು ಸಾಧ್ಯವಾದದ್ದು ಅವರ ವರದಿಯಿಂದಲೇ. ಪದರಗಳ ನಕ್ಷೆ, ಯಾವ ಚೂರು ಯಾವ ಆಳದಲ್ಲಿ ಸಿಕ್ಕಿತು ಎಂಬ ವಿವರ ಎಲ್ಲವನ್ನೂ ಬೇಗ, ಸ್ಪಷ್ಟವಾಗಿ ಅಚ್ಚು ಹಾಕಿಸಿದರು. ತನ್ನನ್ನು ತಪ್ಪೆಂದು ತೋರಿಸುವ ಸಾಧನವನ್ನೂ ಓದುಗರ ಕೈಗೆ ಕೊಡುವ ಬರಹ ಒಳ್ಳೆಯ ವಿದ್ವತ್ತು. ನಮ್ಮಲ್ಲಿ ಅಗೆದು ಹಲವು ವರ್ಷವಾದರೂ ವರದಿ ಬಾರದ ನೆಲೆಗಳಿರುವಾಗ ಈ ಗುಣ ಇನ್ನೂ ದೊಡ್ಡದಾಗಿ ಕಾಣುತ್ತದೆ.

*

ಗಡಿಯಾರದ ತಪ್ಪು ತಿದ್ದಿತು. ಗಡಿಯದು ತಿದ್ದಲಿಲ್ಲ. ಯಾಕೆಂದರೆ ಗಡಿ ಎಂಬುದು ಅಂಕಿಯಲ್ಲ, ನೋಟ. ಯಾವುದು ಒಳಗು, ಯಾವುದು ಆಚೆ ಎಂಬುದನ್ನು ಅದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಈ ನೋಟವನ್ನು ಪರೀಕ್ಷಿಸಲು ಗಡಿಕೋಟೆಯೊಳಗೇ ಹೋಗಿ ನೋಡುವುದು ಒಳ್ಳೆಯದು. ಅಲ್ಲಿ ನಿಜವಾಗಿ ಏನು ಸಿಕ್ಕಿದೆ?

ಇಂಗ್ಲೆಂಡಿನ ಉತ್ತರದಲ್ಲಿ, ಹೇಡ್ರಿಯನ್ ಗೋಡೆಯ ತುಸು ದಕ್ಷಿಣಕ್ಕೆ ವಿಂಡೊಲಾಂಡ ಎಂಬ ಕೋಟೆಯಿದೆ. 1973ರಲ್ಲಿ ರಾಬಿನ್ ಬರ್ಲಿ ಅಲ್ಲಿ ಅಗೆಯುವಾಗ ತೆಳುವಾದ ಮರದ ಹಲಗೆಗಳು ಬಂದವು. ದಪ್ಪದಲ್ಲಿ ಒಂದೆರಡು ಮಿಲಿಮೀಟರ್, ಗಾತ್ರದಲ್ಲಿ ಪೋಸ್ಟ್ ಕಾರ್ಡಿನ ಆಸುಪಾಸು, ಮೇಲೆ ಮಸಿಯ ಬರಹ. ನೀರು ನಿಂತ, ಗಾಳಿಯಾಡದ ಮಣ್ಣಿನಲ್ಲಿ ಹೂತು ಹೋಗಿದ್ದರಿಂದ ಸುಮಾರು ಎರಡು ಸಾವಿರ ವರ್ಷ ಕೊಳೆಯದೆ ಉಳಿದಿದ್ದವು. ಅಲ್ಲಿಂದೀಚೆಗೆ ನೂರಾರು ಹಲಗೆಗಳನ್ನು ಓದಲಾಗಿದೆ. ಹೆಚ್ಚಿನವು ಕ್ರಿ.ಶ. 100ರ ಆಸುಪಾಸಿನವು.

ಅವುಗಳಲ್ಲಿ ಸಾಮ್ರಾಜ್ಯದ ಘೋಷಣೆಗಳು ಸಿಗುವುದಿಲ್ಲ. ಒಂದು ಹಲಗೆಯಲ್ಲಿ ಪಡೆಯ ಹಾಜರಿ: ಒಟ್ಟು 752 ಜನ, ಅದರಲ್ಲಿ 456 ಮಂದಿ ಬೇರೆ ಬೇರೆ ಕಡೆ ಹೋಗಿದ್ದಾರೆ, ಕೋಟೆಯಲ್ಲಿರುವ 296ರಲ್ಲಿ 31 ಮಂದಿ ಕೆಲಸಕ್ಕೆ ಬಾರದವರು, ಆ ಪೈಕಿ ಹತ್ತು ಜನಕ್ಕೆ ಕಣ್ಣುಬೇನೆ. ಇನ್ನೊಂದರಲ್ಲಿ ಕಾಲುಚೀಲ, ಒಳಚಡ್ಡಿ ಕಳಿಸಿದ ಲೆಕ್ಕ. ಮತ್ತೊಂದರಲ್ಲಿ ಬ್ರಿಟನ್ನಿನ ಸ್ಥಳೀಯರನ್ನು ಹೀಯಾಳಿಸುವ ಒಂದು ಪದ. ಅದಿರಲಿ, ಈ ಕೋಟೆಯೊಳಗಿದ್ದ 'ರೋಮನ್ನರು' ಯಾರು? ಬಟೇವಿಯನ್ನರು ಮತ್ತು ಟುಂಗ್ರಿಯನ್ನರು. ಇಂದಿನ ನೆದರ್ಲೆಂಡ್ಸ್, ಬೆಲ್ಜಿಯಂ ಕಡೆಯ ಜನ. ಅವರ ಅಜ್ಜಂದಿರು ರೋಮಿಗೆ ಸೋತವರು, ಮೊಮ್ಮಕ್ಕಳು ರೋಮಿನ ಗಡಿ ಕಾಯುವವರು. ನೆರಳೆಳೆದ ಹಾಗೆ ಒಂದು ಗೆರೆಯ ಒಳಗೆ ರೋಮ್, ಹೊರಗೆ ಅನ್ಯರು ಎಂಬ ಚಿತ್ರ ಕೋಟೆಯ ಒಳಗೇ ನಿಲ್ಲುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾದ ಹಲಗೆ ಒಂದು ಅಂಗಡಿ ಲೆಕ್ಕದಂಥದು. ಸೈನಿಕರ ಹೆಸರು, ಅವರು ತೆಗೆದುಕೊಂಡ ಸಾಮಾನು, ಬಾಕಿ. ಅದರಲ್ಲಿ ಗಂಬಾಕ್ಸ್ ಎಂಬವನ ಹೆಸರಿನ ಎದುರು ಬರೆದಿರುವುದು: ಮೆಣಸು, ಎರಡು ಡಿನೇರಿಯಸ್.

ಆ ಮೆಣಸು ಎಲ್ಲಿಂದ ಹೋಯಿತು? ಅಂದಿನ ಜಗತ್ತಿನಲ್ಲಿ ಕರಿಮೆಣಸು ಬೆಳೆಯುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯೊಂದರಲ್ಲಿ ಸುಮಾರು 7.5 ಕಿಲೋ ಮೆಣಸು ತುಂಬಿದ ಭಾರತದ ಜಾಡಿಯೇ ಸಿಕ್ಕಿದೆ. ಘಟ್ಟದಿಂದ ಕರಾವಳಿಗೆ, ಕಡಲು ದಾಟಿ ಈಜಿಪ್ಟಿಗೆ, ಅಲ್ಲಿಂದ ರೋಮಿಗೆ, ಕೊನೆಗೆ ಚಳಿಯ ಗಡಿಕೋಟೆಯ ಒಬ್ಬ ಸಾಮಾನ್ಯ ಸೈನಿಕನ ಗಂಜಿಗೆ. ನನ್ನೂರು ಕಟ್ಟೆಮಳಲವಾಡಿ ಲಕ್ಷ್ಮಣತೀರ್ಥದ ದಡದ್ದು. ಆ ಹೊಳೆ ಹುಟ್ಟುವುದು ಪಡುವಣ ದಿಕ್ಕಿನ ಕೊಡಗಿನ ಬೆಟ್ಟಗಳಲ್ಲಿ. ಅಲ್ಲಿ ಇಂದಿಗೂ ಮರಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಗಂಬಾಕ್ಸ್ ತಿಂದ ಮೆಣಸು ಇಲ್ಲಿಯದೇ ಎಂದು ನಾನು ಹೇಳುವುದಿಲ್ಲ. ಹೇಳುವುದು ಇಷ್ಟು: ಬಳ್ಳಿಯ ಬುಡದಲ್ಲಿ ನಿಂತು ನೋಡಿದರೆ 'ಆಚೆ' ಇರುವುದು ವಿಂಡೊಲಾಂಡ. ವೀಲರ್ ಚಂದ್ರವಳ್ಳಿಯಲ್ಲಿ ಗಡಿಯಾಚೆಗಿನ ರೋಮನ್ನು ಕಂಡರು. ಗಂಬಾಕ್ಸ್‌ನ ಲೆಕ್ಕದಲ್ಲಿ ಗಡಿಯಾಚೆಗಿನ ನಮ್ಮ ಘಟ್ಟ ಕಾಣುತ್ತದೆ. ಎರಡೂ ಓದು ಸರಿಯೇ. ಆದರೆ ನಮ್ಮ ಗ್ರಂಥಾಲಯದಲ್ಲಿ ಮೊದಲನೆಯದಕ್ಕೆ ಪುಸ್ತಕವಿದೆ.

*

ಇಲ್ಲಿಂದ ಮುಂದಿನ ಮಾತು ನಮ್ಮವರ ಬಗ್ಗೆ. ವೀಲರ್ ಹೊರಗಿನವರು, ಅವರ ನೋಟ ಹಾಗಿತ್ತು ಎಂದು ಸುಮ್ಮನಾಗಬಹುದು. ಆದರೆ ಕನ್ನಡದ ವಿದ್ವತ್ತೂ ಇದೇ ಗಡಿಯನ್ನು ಒಪ್ಪಿಕೊಂಡು ಅದರ ಆಚೆ ಬದಿಯಲ್ಲಿ ನಿಂತು ಕೈ ಬೀಸಿದ್ದಿದೆ.

1903ರಲ್ಲಿ ಈಜಿಪ್ಟಿನ ಆಕ್ಸಿರಿಂಕಸ್‌ನ ಪಪೈರಸ್ಸುಗಳಲ್ಲಿ ಒಂದು ಗ್ರೀಕ್ ಪ್ರಹಸನ ಪ್ರಕಟವಾಯಿತು. ಹಸ್ತಪ್ರತಿ ಕ್ರಿ.ಶ. 2ನೆಯ ಶತಮಾನದ್ದು. ಕ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯ ಒಬ್ಬ ಅರಸನ ಸೆರೆಯಲ್ಲಿದ್ದಾಳೆ. ಅವಳ ಕಡೆಯವರು ಅರಸನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮತ್ತೇರಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅರಸನೂ ಅವನ ಪರಿವಾರವೂ ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಹುಲ್ಷ್ ಅದು ಕನ್ನಡವಿರಬಹುದೆಂದರು. ಆರ್. ಶಾಮಾಶಾಸ್ತ್ರಿ, ಎಂ. ಗೋವಿಂದ ಪೈ ಮುಂತಾದವರು ಅದನ್ನು ಬೆಳೆಸಿದರು. ಬಾರ್ನೆಟ್ ಒಪ್ಪಲಿಲ್ಲ. ತುಳು ಎಂಬ ವಾದವೂ ಬಂತು. ನೂರು ವರ್ಷಗಳಿಂದ ಇದು ನಮ್ಮ ಸ್ಪರ್ಧಾ ಪರೀಕ್ಷೆಗಳ ಪ್ರಶ್ನೆಯಾಗಿ, ರಾಜ್ಯೋತ್ಸವದ ಭಾಷಣವಾಗಿ ಬದುಕಿದೆ.

ಆ ಪದಗಳು ಕನ್ನಡವೋ ಅಲ್ಲವೋ ಎಂಬುದಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ. ಆ ಪ್ರಹಸನದಲ್ಲಿ ನಮ್ಮವರೆಂದು ನಾವು ಹಕ್ಕು ಸಾಧಿಸುವ ಪಾತ್ರಗಳು ಯಾರು? ಕುಡಿದು ತೂರಾಡುವ, ನಗೆಪಾಟಲಾಗುವ 'ಬರ್ಬರರು'. ಗ್ರೀಕ್ ಪ್ರೇಕ್ಷಕರನ್ನು ನಗಿಸಲು ಇಟ್ಟ ಅರ್ಥವಿಲ್ಲದ ಸದ್ದೇ ಆ ಮಾತು ಆಗಿರುವ ಸಾಧ್ಯತೆಯೂ ಇದೆ. ಅದು ಕನ್ನಡವೆಂದು ಸಾಬೀತಾದರೆ ಸಿಗುವುದು ಯಾರೋ ಅಣಕಿಸಿದ ಕನ್ನಡ. ಪ್ರಾಚೀನತೆಯ ಹಂಬಲದಲ್ಲಿ ನಾವು ಅಣಕವನ್ನೂ ಪ್ರಮಾಣಪತ್ರ ಮಾಡಿಕೊಂಡೆವು. ಆ ಪ್ರಹಸನವನ್ನು ಒಂದು ನಾಟಕವಾಗಿ, ಅನ್ಯರನ್ನು ಚಿತ್ರಿಸುವ ಗ್ರೀಕ್ ಹಾಸ್ಯವಾಗಿ ಓದಿದ ಕನ್ನಡ ವಿಮರ್ಶೆ ಇದಕ್ಕೆ ಹೋಲಿಸಿದರೆ ತೀರಾ ಕಡಿಮೆ.

ಇದೇ ಮನಃಸ್ಥಿತಿ ನನ್ನ ಸೀಮೆಯ ಚರಿತ್ರೆಯಲ್ಲೂ ಕೆಲಸ ಮಾಡಿದೆ. ಕ್ರಿ.ಶ. 150ರ ಸುಮಾರಿನ ಟಾಲೆಮಿ ತನ್ನ ಭೂಗೋಳದಲ್ಲಿ 'ಪೌನ್ನಾಟ' ಎಂಬ ಊರನ್ನು ಹೆಸರಿಸಿ ಅಲ್ಲಿ ಬೆರಿಲ್ ಎಂಬ ಹಸಿರು ರತ್ನ ಸಿಗುತ್ತದೆ ಎನ್ನುತ್ತಾನೆ. ಇದು ಕಪಿಲೆಯ, ಅಂದರೆ ಕಬಿನಿಯ ದಡದ ಪುನ್ನಾಟ ಎಂಬುದು ವಿದ್ವಾಂಸರಲ್ಲಿ ಬಹಳ ಕಾಲದಿಂದ ಇರುವ ಅಭಿಪ್ರಾಯ. ಪುನ್ನಾಟದ ರಾಜಧಾನಿ ಕೀರ್ತಿಪುರ, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರು. ಈ ಸೀಮೆಯ ಯಾವ ಸ್ಮರಣ ಸಂಚಿಕೆ ತೆರೆದರೂ ಮೊದಲ ಪುಟದಲ್ಲಿ ಟಾಲೆಮಿ ಇರುತ್ತಾನೆ. ಅವನು ಬರೆದದ್ದು ಒಂದು ಸಾಲು. ಅವನು ಇಲ್ಲಿಗೆ ಬಂದವನೂ ಅಲ್ಲ.

ಈಗ ಇನ್ನೊಂದು ಕಡೆಯ ಸಾಕ್ಷ್ಯ ನೋಡಿ. ಪುನ್ನಾಟದ ಅರಸರ ತಾಮ್ರಪಟಗಳಿವೆ. ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂಬ ವಂಶಾವಳಿ ಅವುಗಳಲ್ಲಿದೆ. ಸ್ಕಂದವರ್ಮನ ಮಗಳು ಗಂಗ ಅರಸ ಅವಿನೀತನ ಹೆಂಡತಿ. ಅವಳ ಮಗ ದುರ್ವಿನೀತ. 'ಕವಿರಾಜಮಾರ್ಗ' ಕನ್ನಡದ ಗದ್ಯ ಲೇಖಕರನ್ನು ಹೆಸರಿಸುವಾಗ ಬರುವ ದುರ್ವಿನೀತ ಇವನೇ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅಂದರೆ ನಮಗೆ ಹೆಸರು ಗೊತ್ತಿರುವ ಅತ್ಯಂತ ಹಳೆಯ ಕನ್ನಡ ಗದ್ಯಕಾರರಲ್ಲಿ ಒಬ್ಬನಿಗೆ ಕಬಿನಿಯ ದಡ ತಾಯಿಯ ತವರು. ಜೈನರಲ್ಲಿ ಪುನ್ನಾಟ ಸಂಘ ಎಂಬ ಮುನಿಸಂಘವಿತ್ತು. ಆ ಸಂಘದ ಜಿನಸೇನ 783ರಲ್ಲಿ 'ಹರಿವಂಶಪುರಾಣ' ಬರೆದದ್ದು ವರ್ಧಮಾನಪುರದಲ್ಲಿ, ಸೌರಾಷ್ಟ್ರದ ಕಡೆ ಎಂದು ಹಲವರು ಗುರುತಿಸುವ ಊರಿನಲ್ಲಿ. ಅದೇ ಸಂಘದ ಹರಿಷೇಣ 10ನೆಯ ಶತಮಾನದಲ್ಲಿ 'ಬೃಹತ್ಕಥಾಕೋಶ' ಬರೆದ. ಕಬಿನಿಯ ಪುಟ್ಟ ನಾಡೊಂದರ ಹೆಸರು ಮುನಿಗಳ ಕಾಲ್ನಡಿಗೆಯಲ್ಲಿ ಅಷ್ಟು ದೂರ ಹೋಗಿ ಎರಡು ದೊಡ್ಡ ಗ್ರಂಥಗಳ ಬೆನ್ನಿಗೆ ನಿಂತಿದೆ. ಟಾಲೆಮಿಯ ಒಂದು ಸಾಲಿಗಿಂತ ಇದು ಎಷ್ಟು ಹೆಚ್ಚಿನ ಸಾಕ್ಷ್ಯ! ಆದರೂ ಇವು ಸ್ಮರಣ ಸಂಚಿಕೆಯ ಮೂರನೆಯ ಪುಟಕ್ಕೆ ಹೋಗುತ್ತವೆ.

ಒಂದು ವಿಚಾರಸಂಕಿರಣದಲ್ಲಿ ನಾನು ಈ ಸೀಮೆಯ ಶಾಸನಗಳ ಬಗ್ಗೆ ಪ್ರಬಂಧ ಓದಿದಾಗ ಹಿರಿಯರೊಬ್ಬರು ಕೇಳಿದರು: 'ಇದಕ್ಕೆಲ್ಲ ಹೊರಗಿನ ಆಧಾರ ಏನಾದರೂ ಇದೆಯಾ, ಅಮ್ಮ?' ಅವರ ದನಿಯಲ್ಲಿ ಕೊಂಕಿರಲಿಲ್ಲ, ಕಾಳಜಿಯೇ ಇತ್ತು. ಹೊರಗಿನ ಆಧಾರ ಇಲ್ಲದಿದ್ದರೆ ನನ್ನ ಪ್ರಬಂಧ ನಿಲ್ಲುವುದಿಲ್ಲ ಎಂಬ ಕಾಳಜಿ. ಕಲ್ಲಿನ ಮೇಲೆ ಕನ್ನಡದಲ್ಲಿ ಬರೆದದ್ದು ಹೇಳಿಕೆ, ಗ್ರೀಕಿನಲ್ಲಿ ಬರೆದದ್ದು ಸಾಕ್ಷ್ಯ ಎಂಬ ಈ ವಿಂಗಡಣೆಯನ್ನು ವೀಲರ್ ನಮಗೆ ಕಲಿಸಲಿಲ್ಲ. ನಾವೇ ಕಲಿತೆವು.

ಇದರ ನಷ್ಟ ಬರೀ ವಾದದ್ದಲ್ಲ. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದ ಮೇಲೆ ಹಳೆಯ ಕಿತ್ತೂರು ಹಿನ್ನೀರಿನ ಪಾಲಾಯಿತು. ಅಣೆಕಟ್ಟು ಬೇಕಿರಲಿಲ್ಲ ಎನ್ನುವಷ್ಟು ಸರಳ ಮಾತು ನನ್ನದಲ್ಲ. ನನ್ನೂರಿನ ಹೆಸರಿನಲ್ಲೇ ಕಟ್ಟೆಯಿದೆ. ಹೊಳೆಗೆ ಕಟ್ಟೆ ಹಾಕಿ ಗದ್ದೆಗೆ ನೀರು ಹರಿಸಿದ ಅನ್ನ ತಿಂದು ಬೆಳೆದವಳು ನಾನು. ಮುಳುಗಡೆಯಾದ ಹಳ್ಳಿಗಳವರ ಮನೆ, ಹೊಲದ ದುಃಖದ ಮುಂದೆ ಮಡಕೆಯ ಚೂರಿನ ದುಃಖ ಸಣ್ಣದು ಎಂಬುದೂ ಗೊತ್ತು. ಆದರೆ ಒಂದು ರಾಜಧಾನಿ ಮುಳುಗುತ್ತಿದೆ ಎಂಬ ಅರಿವು ಅಂದು ಕನ್ನಡದ ಓದುಗರಲ್ಲಿ ಎಷ್ಟಿತ್ತು? ಪುನ್ನಾಟ ನಮ್ಮ ಮನಸ್ಸಿನಲ್ಲಿ ಟಾಲೆಮಿಯ ಪುಸ್ತಕದಲ್ಲಿ ಭದ್ರವಾಗಿತ್ತು. ಆದ್ದರಿಂದ ನೆಲದ ಮೇಲಿನ ಪುನ್ನಾಟದ ಕಡೆ ನೋಡುವ ಅಗತ್ಯ ಬೀಳಲಿಲ್ಲ.

*

ಹಾಗಾದರೆ ಗಡಿಕೋಟೆಯ ಹಲಗೆಗಳಿಂದ ನಾವು ಕಲಿಯಬೇಕಾದದ್ದು ಏನು? ಹಳೆಯದೆಂಬ ಹೆಗ್ಗಳಿಕೆಯಲ್ಲ, ಓದುವ ರೀತಿ. ಒಂದು ಹೋಲಿಕೆಯಿಂದ ಇದನ್ನು ತೋರಿಸಲು ಪ್ರಯತ್ನಿಸುತ್ತೇನೆ.

ವಿಂಡೊಲಾಂಡದ ಅತ್ಯಂತ ಪ್ರಸಿದ್ಧ ಹಲಗೆ ಕ್ಲಾಡಿಯಾ ಸೆವೆರಾ ಎಂಬವಳ ಪತ್ರ. ಅವಳು ಬೇರೊಂದು ಠಾಣೆಯ ಅಧಿಕಾರಿಯ ಹೆಂಡತಿ. ವಿಂಡೊಲಾಂಡದ ಪಡೆಯ ಮುಖ್ಯಸ್ಥನ ಹೆಂಡತಿ ಸುಲ್ಪಿಸಿಯಾ ಲೆಪಿಡಿನಾಳನ್ನು ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಕರೆಯುತ್ತಾಳೆ. ಪತ್ರದ ಮುಖ್ಯ ಭಾಗ ಲಿಪಿಕಾರನ ಅಂದವಾದ ಕೈಬರಹದಲ್ಲಿದೆ. ಕೊನೆಯಲ್ಲಿ ನಾಲ್ಕೈದು ಸಾಲು ಬೇರೊಂದು ಕೈ, ಅಷ್ಟು ಪಳಗದ ಕೈ. ಅದು ಸೆವೆರಾಳದೇ. ಹೆಣ್ಣೊಬ್ಬಳ ಕೈಬರಹದ ಲ್ಯಾಟಿನ್‌ನಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯವುಗಳಲ್ಲಿ ಅದೊಂದು. ವಿದ್ವಾಂಸರು ಆ ಸಾಲುಗಳನ್ನು ಬೆಲೆಯುಳ್ಳದ್ದೆಂದು ಕಂಡದ್ದು ಅದರಲ್ಲಿ ರಾಜಕಾರಣ ಇದೆ ಎಂದಲ್ಲ. ಒಬ್ಬಳ ಪ್ರೀತಿ ಲಿಪಿಕಾರನ ಸಾಲಿನಲ್ಲಿ ಹಿಡಿಸದೆ ಹೊರಗೆ ಚೆಲ್ಲಿತು ಎಂದು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ, ದೇಕಬ್ಬೆಯದು. ಚೋಳರ ಆಳ್ವಿಕೆಯ ಕಾಲ. ನುಗುನಾಡಿನ ಒಡೆಯ ಏಚ ದೇಕಬ್ಬೆಯ ಗಂಡ. ಮಲ್ಲಯುದ್ಧದಲ್ಲಿ ಅವನ ಕೈಯಲ್ಲಿ ದಾಯಾದಿಯೊಬ್ಬ ಸಾಯುತ್ತಾನೆ. ಅರಸನ ಆಜ್ಞೆಯಂತೆ ತಲಕಾಡಿನಲ್ಲಿ ಏಚನನ್ನು ಕೊಲ್ಲಿಸುತ್ತಾರೆ. ಸುದ್ದಿ ಕೇಳಿದ ದೇಕಬ್ಬೆ ತಂದೆತಾಯಿ ಬೇಡವೆಂದರೂ ಕೇಳದೆ ದಾನಧರ್ಮ ಮಾಡಿ ಬೆಂಕಿಗೆ ಬೀಳುತ್ತಾಳೆ. ಕನ್ನಡದ ಶಾಸನ ಸಾಹಿತ್ಯದಲ್ಲಿ ಇದು ಒಳ್ಳೆಯ ಪದ್ಯಗಳ ಶಾಸನವೆಂದು ಹೆಸರಾಗಿದೆ. ಅದನ್ನು ಪಾತಿವ್ರತ್ಯದ ಕಥನವಾಗಿ ಪಾಠ ಹೇಳಿದ್ದಾರೆ, ಕರುಣರಸದ ಉದಾಹರಣೆಯಾಗಿ ಎತ್ತಿ ತೋರಿಸಿದ್ದಾರೆ.

ಸೆವೆರಾಳ ಹಲಗೆ ಓದಿದ ಮೇಲೆ ಈ ಶಾಸನವನ್ನು ಓದಿದರೆ ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿ ಎರಡನೆಯ ಕೈ ಎಲ್ಲಿದೆ? ಇಲ್ಲಿ ಎಲ್ಲವೂ ಲಿಪಿಕಾರನದೇ. ದೇಕಬ್ಬೆಯ ನಿಶ್ಚಯ ನಮಗೆ ಬರುವುದು ಕುಲದ ಕೀರ್ತಿ ಹೇಳಲು ಕೂತ ಕವಿಯ ಛಂದಸ್ಸಿನಲ್ಲಿ. ಅವಳು ನಿಜವಾಗಿ ಏನೆಂದಳು ಎಂಬುದಕ್ಕೆ ದಾರಿಯಿಲ್ಲ. ಆದರೆ ಕಲ್ಲಿನಲ್ಲಿ ಒಂದು ಬಿರುಕಿದೆ: ತಂದೆತಾಯಿ ಬೇಡವೆಂದದ್ದು. ಕವಿಗೆ ಅದು ಮಗಳ ಛಲವನ್ನು ಎತ್ತರಿಸುವ ಉಪಾಯವಾಗಿರಬಹುದು. ಆದರೂ ಆ ಬೇಡಿಕೆ ಕಲ್ಲಿನೊಳಗೆ ಉಳಿದುಬಿಟ್ಟಿದೆ. 1057ರಲ್ಲಿ ನುಗು ಮತ್ತು ಕಬಿನಿಯ ಈ ಸೀಮೆಯಲ್ಲಿ ಮಗಳು ಬದುಕಲಿ ಎಂದು ಕಾಲು ಹಿಡಿದವರಿದ್ದರು. ಸತಿ ಎಂಬುದು ಅಂದಿನವರಿಗೆ ಸಹಜವಾಗಿತ್ತು ಎಂದು ಸಲೀಸಾಗಿ ಹೇಳುವವರಿಗೆ ಆ ಕಲ್ಲೇ ಉತ್ತರ. ಹೊಗಳಿಕೆಯ ಕಲ್ಲು ಹೊಗಳಿಕೆಗೆ ವಿರುದ್ಧವಾದ ಸಾಕ್ಷ್ಯವನ್ನೂ ಹೊತ್ತಿದೆ. ಸೆವೆರಾಳ ಎರಡನೆಯ ಕೈ ಹಲಗೆಯ ಕೊನೆಯಲ್ಲಿ ಕಣ್ಣಿಗೆ ಕಾಣುತ್ತದೆ. ಬೆಳತೂರಿನ ಎರಡನೆಯ ಕೈಯನ್ನು ನಾವು ಓದಿ ಬಿಡಿಸಿಕೊಳ್ಳಬೇಕು.

ಗ್ರೀಕಿನ ಸಾಲಿಗೆ ಕಾದು ಕೂರುವವರಿಗೆ ಇದು ಕಾಣುವುದಿಲ್ಲ. ಶಾಸನವನ್ನು ಬರೀ ತೇದಿ ಮತ್ತು ಅರಸನ ಹೆಸರಿಗಾಗಿ ಜಾಲಾಡುವ ಚರಿತ್ರಕಾರರಿಗೂ, ಬರೀ ಅಲಂಕಾರಕ್ಕಾಗಿ ಓದುವ ಸಾಹಿತ್ಯದವರಿಗೂ ಕಾಣುವುದು ಕಷ್ಟ. ವಿಂಡೊಲಾಂಡದವರು ಹಾಜರಿ ಪಟ್ಟಿಯನ್ನೂ ಒಳಚಡ್ಡಿಯ ಲೆಕ್ಕವನ್ನೂ ಸಾಹಿತ್ಯದಷ್ಟೇ ಶ್ರದ್ಧೆಯಿಂದ ಓದಿದರು. ನಮ್ಮಲ್ಲೂ ಅಂಥ ದಿನಬಳಕೆಯ ಬರಹವಿದೆ. ಹುಣಸೂರಿನ ಹತ್ತಿರದ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಜೈನ ಕಾವ್ಯಗಳ ಜೊತೆಗೆ 'ಸೂಪಶಾಸ್ತ್ರ'ವನ್ನೂ ಬರೆದ. ಅಡುಗೆಯನ್ನು ಪದ್ಯದಲ್ಲಿ ಹೇಳುವ ಪುಸ್ತಕ. ಸಾಹಿತ್ಯ ಚರಿತ್ರೆಯಲ್ಲಿ ಅದಕ್ಕೆ ಒಂದು ಸಾಲು. ಗಂಬಾಕ್ಸ್‌ನ ಎರಡು ಡಿನೇರಿಯಸ್ ಮೆಣಸಿಗೆ ಸಂಶೋಧನೆ ಇಷ್ಟು ಬೆಲೆ ಕೊಡುವಾಗ ಮಂಗರಸನ ಒಲೆಯ ಮೇಲಿದ್ದದ್ದಕ್ಕೆ ಎಷ್ಟು ಕೊಡಬೇಕು?

ವೀಲರ್ ಅವರ ವರದಿಯನ್ನು ನಮ್ಮ ಕನ್ನಡ ಎಂ.ಎ. ತರಗತಿಗಳಲ್ಲಿ ಓದಿಸಬೇಕು ಎಂದು ನನಗನ್ನಿಸುತ್ತದೆ. ಪಕ್ಕದಲ್ಲಿ ಕೃಷ್ಣ ಅವರ ಬರಹ, ಹಳ್ಳೂರಿನ ವರದಿ, ಬೆಗ್ಲಿ ಅವರ ಮರು ಓದು, ಬೆಳತೂರಿನ ಕಲ್ಲು ಇಟ್ಟು ಓದಿಸಬೇಕು. ಒಂದು ಚೂರು ಮಡಕೆ ನಲವತ್ತು ವರ್ಷ 'ಅವರದು' ಆಗಿದ್ದು ಆಮೇಲೆ 'ನಮ್ಮದು' ಆದ ಕಥೆ ಯಾವ ಕಾವ್ಯಮೀಮಾಂಸೆಗೂ ಕಡಿಮೆಯಿಲ್ಲದ ಪಾಠ. ಅದು 'ನಮ್ಮದು' ಆಯಿತೆಂದು ಬೀಗುವುದಕ್ಕಲ್ಲ. ಹಾಗೆ ಬೀಗಿದರೆ ಗಡಿಯನ್ನು ಇನ್ನೊಂದು ಕಡೆಯಿಂದ ಕಟ್ಟಿದಂತಾಯಿತು. ಸಾಕ್ಷ್ಯ ಎಲ್ಲಿಯದು ಎಂದು ಕೇಳುವ ಮೊದಲು ಅದು ಏನು ಹೇಳುತ್ತಿದೆ ಎಂದು ಕೇಳುವ ಅಭ್ಯಾಸಕ್ಕಾಗಿ. ಸಂಕಿರಣದಲ್ಲಿ ಆ ಹಿರಿಯರಿಗೆ ನಾನು ಕೊಟ್ಟ ಉತ್ತರವೂ ಇದೇ: 'ಸರ್, ಕಲ್ಲು ಹೊರಗೇ ಇದೆ. ಊರ ಬಯಲಿನಲ್ಲಿ.'